ಅತಿಥಿಯ ಮುಂದೆ ಕೆಲಸ ಮಾಡಬಾರದು

ಕೊರೊನಾದಿಂದಾಗಿ ಹತ್ತು ಕಿಲೋಮೀಟರು ದಾಟಿ ಹೋಗಬೇಕಾದರೆ ಪೊಲೀಸರಿಗೆ ಕಾಗದ ತೋರಿಸಬೇಕಾಗಿದ್ದ ದಿನಗಳು ಅವು. ಮೊಮ್ಮಕ್ಕಳು ನೀವಿಬ್ಬರೂ ಊಟದ ಮೇಜಿನ ಎರಡು ತುದಿಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಶಾಲೆ ಕಲಿಯುತ್ತಿದ್ದಿರಿ. ನಿಮ್ಮಮ್ಮ ಮಲಗುವ ಕೋಣೆಯಲ್ಲಿ ಆಫೀಸು ಮಾಡುತ್ತಿದ್ದಳು. ನನಗೆ ಮಾತ್ರ ಕೂರಲು ಜಾಗವಿರಲಿಲ್ಲ, ಜಾಗ ಸಿಕ್ಕರೂ ಕೂರಲಾಗುತ್ತಿರಲಿಲ್ಲ. ಮಲೇಷ್ಯಾದ ನಮ್ಮ ಪುಚೊಂಗ್ ಫ್ಲ್ಯಾಟಿನ ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ನಡೆಯುತ್ತಿದ್ದೆ. ಕೆಳಗೆ ಎಲ್‌ಆರ್‌ಟಿ ರೈಲು ಖಾಲಿ ಹೋಗಿ ಖಾಲಿ ಬರುತ್ತಿತ್ತು. ಎರಡು ತಿಂಗಳಿಗೆಂದು ಬಂದವಳು ವಿಮಾನ ನಿಂತದ್ದರಿಂದ ಇಲ್ಲೇ ಉಳಿದಿದ್ದೆ. ಊರಿನ ಅಂಗನವಾಡಿಯಲ್ಲಿ ಮಕ್ಕಳ ಗದ್ದಲದ ನಡುವೆಯೇ ಆಯುಷ್ಯ ಕಳೆದವಳಿಗೆ ಈ ಮೌನ ಮೈಗೆ ಹತ್ತುತ್ತಿರಲಿಲ್ಲ.

ಒಂದು ಸಂಜೆ ನಿಮ್ಮಮ್ಮ, ನನ್ನನ್ನು ಕೇಳದೆಯೇ, ನನಗೊಂದು ಕೆಲಸ ಒಪ್ಪಿಕೊಂಡು ಬಂದಳು. ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಮೈಸೂರು ಕಡೆಯ ಒಬ್ಬ ಮೇಡಂ ಪಾಠ ಮಾಡುತ್ತಿದ್ದರು. ಉರ್ದುವಿನಿಂದ ಕನ್ನಡಕ್ಕೆ ಬರೆಯುವವರು ಅವರಿಗೆ ಬೇಕಾಗಿತ್ತು. ನಾನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ. ಉರ್ದು ಅಕ್ಷರ ಕಲಿಸಿದ್ದು ನಮ್ಮಮ್ಮ, ರೊಟ್ಟಿ ಹಿಟ್ಟು ಹರವಿ ಅದರ ಮೇಲೆ ಬೆರಳಿನಿಂದ ಬರೆದು. ಪುಸ್ತಕಕ್ಕೆ ಬರೆಯುವಷ್ಟು ವಿದ್ಯೆ ಅದಲ್ಲ ಎಂದೆ. ನಿಮ್ಮಮ್ಮ ಅದಕ್ಕೆ ಕಿವಿಗೊಡಲಿಲ್ಲ. ನೀನು ಹೀಗೆ ನಡೆಯುತ್ತಲೇ ಇದ್ದರೆ ಕೆಳಗಿನ ಮನೆಯವರು ಕಂಪ್ಲೇಂಟ್ ಕೊಡ್ತಾರೆ ಅಮ್ಮೀ, ಎಂದಳು.

ಮೇಡಂ ವಿಡಿಯೋದಲ್ಲಿ ಬಂದು ಕೆಲಸ ವಿವರಿಸಿದರು. ಪಶ್ಚಿಮದ ದೇಶಗಳಿಂದ ಬಂದುಹೋದವರು ಮುಸಲ್ಮಾನರ ಮನೆಯ ಒಳಗನ್ನು ಕುರಿತು ಬರೆದ ಪುಸ್ತಕಗಳು ಹಳೆಯ ಕಾಲದಿಂದಲೂ ಬೇಕಾದಷ್ಟಿವೆಯಂತೆ. ಅವುಗಳಲ್ಲಿ ಹೆಂಗಸರು ಸದಾ ದಿಂಬಿಗೆ ಒರಗಿರುತ್ತಾರೆ, ಹುಕ್ಕಾ ಸೇದುತ್ತಾರೆ, ಅತ್ತರು ಪೂಸಿಕೊಂಡು ಒಬ್ಬ ಗಂಡಸಿನ ದಾರಿ ಕಾಯುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು ಹರೆಮ್. ಅಂಥ ಮನೆಗಳಲ್ಲಿ ಬಾಳಿದ ಹೆಂಗಸರು ತಾವೇ ಬರೆದದ್ದನ್ನು ಮೇಡಂ ಹುಡುಕಿ ಕೂಡಿಸುತ್ತಿದ್ದರು. ಪುಸ್ತಕದ ಎಡಪುಟದಲ್ಲಿ ಹೊರಗಿನವರ ಬರಹ, ಬಲಪುಟದಲ್ಲಿ ಒಳಗಿನವಳ ಬರಹ. ಒಂದು ಕಡೆ ಮಾತ್ರ ಎರಡೂ ಒಂದೇ ಮನೆಯವು ಸಿಕ್ಕಿದ್ದವು. ನಿಜಾಮರ ಕಾಲದಲ್ಲಿ ನಮ್ಮ ಕಲಬುರಗಿ ಸೀಮೆಯ ಒಂದು ಜಹಗೀರುದಾರರ ಮನೆ ಅದು. ಒಬ್ಬ ಎಂಜಿನಿಯರನ ಹೆಂಡತಿ ಅಲ್ಲಿ ಮೂರು ದಿನ ಉಳಿದು, ತನ್ನ ದೇಶಕ್ಕೆ ಹೋಗಿ ಇಂಗ್ಲಿಷಿನಲ್ಲಿ ಒಂದು ಅಧ್ಯಾಯ ಬರೆದಿದ್ದಳು. ಆಗ ಆ ಮನೆಯಲ್ಲಿ ಚಿಕ್ಕ ಹುಡುಗಿಯಾಗಿದ್ದವರು ಈಗ ಎಂಬತ್ತು ದಾಟಿ, ಪೆಟಾಲಿಂಗ್ ಜಯಾದಲ್ಲಿ ಮಗನ ಜೊತೆ ಇದ್ದರು. ಅವರೂ ಆ ಮನೆಯ ಬಗ್ಗೆ ಉರ್ದುವಿನಲ್ಲಿ ಬರೆದಿಟ್ಟಿದ್ದರು. ಅದನ್ನು ನಾನು ಕನ್ನಡ ಮಾಡಬೇಕು. ಅವರನ್ನು ಎಲ್ಲರೂ ಬಡೀಮಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಮಗ ಪುಟಗಳ ಫೋಟೋ ತೆಗೆದು ಕಳಿಸಿದರು. ನಿಮ್ಮ ಹಳೆಯ ಟ್ಯಾಬ್‌ನಲ್ಲಿ ಅಕ್ಷರವನ್ನು ದೊಡ್ಡದು ಮಾಡಿಕೊಂಡು ಮೊದಲು ಒಂದು ಸಾಲನ್ನು ಗಟ್ಟಿಯಾಗಿ ಓದುತ್ತಿದ್ದೆ. ಆಮೇಲೆ ಕಣ್ಣು ಮುಚ್ಚಿ, ಇದನ್ನೇ ನಮ್ಮೂರ ಬಾವಿಕಟ್ಟೆಯ ಹೆಂಗಸಿಗೆ ಹೇಳಿದರೆ ಹೇಗೆ ಹೇಳುತ್ತೇನೆ ಎಂದು ಯೋಚಿಸಿ, ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಮೂರನೆಯ ಸಲ ಎರಡನ್ನೂ ಪಕ್ಕದಲ್ಲಿಟ್ಟು, ಬಿಟ್ಟುಹೋದದ್ದನ್ನು ಸೇರಿಸಿ, ನಾನೇ ಸೇರಿಸಿದ್ದನ್ನು ತೆಗೆಯುತ್ತಿದ್ದೆ. ಕನ್ನಡ ಕೀಲಿಮಣೆ ಹಾಕಿಕೊಟ್ಟವರು ನೀವು. ಒಂದೇ ಬೆರಳಿನಿಂದ ಟೈಪು ಮಾಡುವುದನ್ನು ನೋಡಿ ‘ನಾನಿ, ಸೋ ಸ್ಲೋ ಲಾ’ ಎಂದು ನಕ್ಕವರೂ ನೀವೇ.

ಅಷ್ಟು ಪಾಡುಪಟ್ಟು ಕಳಿಸಿದ ಮೇಲೆ ಮೇಡಂ ಇದು ಸಾಲದು ಎಂದರು. ನನ್ನ ಕನ್ನಡದಲ್ಲಿ ತಪ್ಪಿರಬೇಕೆಂದುಕೊಂಡೆ. ತಪ್ಪು ಅದಲ್ಲವಂತೆ. ಬಡೀಮಾ ಬರೆದದ್ದರಲ್ಲಿ ಏನೂ ಇರಲಿಲ್ಲ. ಮನೆತನದ ಹಿರಿಯರ ಹೆಸರುಗಳು, ಬಿರುದುಗಳು, ಈದ್‌ಗೆ ಮಾಡುತ್ತಿದ್ದ ಅಡುಗೆ, ಅಲ್ಲಾಹನ ದಯೆಯಿಂದ ಎಲ್ಲರೂ ಪ್ರೀತಿಯಿಂದಿದ್ದರು ಎಂಬ ಮಾತು. ಹೊರಗಿನವಳು ಬರೆದದ್ದು ಸುಳ್ಳೇ ಇರಬಹುದು, ಆದರೆ ಓದಿಸಿಕೊಳ್ಳುತ್ತದೆ. ಇದನ್ನು ಪಕ್ಕದಲ್ಲಿಟ್ಟರೆ ಓದುವವರು ಅವಳನ್ನೇ ನಂಬುತ್ತಾರೆ ಎಂದರು ಮೇಡಂ. ಬಡೀಮಾರಿಂದ ಇನ್ನೇನಾದರೂ ಬರದಿದ್ದರೆ ಬಲಪುಟವನ್ನು ಬಿಡಬೇಕಾಗುತ್ತದೆ, ಎಡಪುಟ ಮಾತ್ರ ಉಳಿಯುತ್ತದೆ ಎಂದೂ ಸೇರಿಸಿದರು.

ಆ ಇಂಗ್ಲಿಷ್ ಅಧ್ಯಾಯವನ್ನು ನಿಮ್ಮಮ್ಮ ನನಗೆ ಓದಿ ಹೇಳಿದಳು. ಆ ಮನೆಯ ಹೆಂಗಸರು ಬೆಳಗಿನಿಂದ ಸಂಜೆವರೆಗೆ ಒಂದು ಕಡ್ಡಿಯನ್ನೂ ಎತ್ತಿಡುವುದಿಲ್ಲ, ಸೋಮಾರಿತನವೇ ಅವರ ಧರ್ಮ ಎಂದು ಅದರಲ್ಲಿತ್ತು. ಕಡೆಗೊಂದು ಚಿತ್ರ. ಗಾದಿಯ ಮೇಲೆ ಏಳು ಜನ ಹೆಂಗಸರು. ಒಬ್ಬಳ ಮೈತುಂಬ ಒಡವೆ. ಅವಳು ನವಾಬನ, ಅಂದರೆ ಆ ಜಹಗೀರುದಾರನ, ಮೆಚ್ಚಿನ ಹೆಂಡತಿ ಎಂದು ಕೆಳಗೆ ಬರೆದಿತ್ತು.

ಬಡೀಮಾರನ್ನು ಮಾತಾಡಿಸುವ ಹೊಣೆ ನನ್ನ ಮೇಲೆ ಬಿತ್ತು. ಗುರುತಿಲ್ಲದವರ ಮುಂದೆ ನನ್ನ ನಾಲಿಗೆ ಏಳುವುದಿಲ್ಲ ಎಂಬುದು ನಿಮಗೆ ಗೊತ್ತು. ಮೊದಲ ಕರೆಗೆ ಮುಂಚೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮೇಜು ಒರೆಸಿ, ನಿಮ್ಮನ್ನೆಲ್ಲ ಆಚೆ ಕೋಣೆಗೆ ಕಳಿಸಿ ಕೂತೆ. ಆ ಕಡೆ ಬಡೀಮಾ ಬಿಳಿಯ ದುಪಟ್ಟಾ ಹೊದ್ದು, ಸೋಫಾದ ನಟ್ಟನಡುವೆ ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನು ಕೊರೊನಾದಿಂದ ಮುಂದೆ ಹೋಗಿತ್ತು. ಅವರಿಗೆ ನಾನು ಒಂದು ಮಸುಕು. ನಾವಾಡಿದ್ದು ಅರ್ಧ ದಖನಿ ಉರ್ದು, ಅರ್ಧ ನಮ್ಮ ಕಡೆಯ ಕನ್ನಡ. ನಿಮಗಾಗಿ ಎಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನ ಆರೋಗ್ಯ ಕೇಳಿದರು, ನಿಮ್ಮ ಆರೋಗ್ಯ ಕೇಳಿದರು. ಮನೆಯ ಬಗ್ಗೆ ಕೇಳಿದರೆ, ಬಹಳ ಚೆನ್ನಾಗಿತ್ತು ಎಂದರು. ಆಮೇಲೆ ಮತ್ತೆ ಆರೋಗ್ಯ. ಹೀಗೇ ಎಷ್ಟೋ ಕರೆಗಳಾದವು. ಮೇಡಂ ಕಳಿಸಿದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ, ಒಂದೊಂದಕ್ಕೂ ಅವರು ಸಕ್ಕರೆ ಹಾಕಿ ಉತ್ತರ ಕೊಟ್ಟರು. ಫೋನಿಟ್ಟ ಮೇಲೆ ನನಗೆ ಮತ್ತೆ ಬಾಲ್ಕನಿ, ಅಡುಗೆಮನೆ.

ಒಂದು ಬೆಳಿಗ್ಗೆ ಸಾಂಬಲ್ ಚಟ್ನಿ ಮಾಡಲೆಂದು ಇಕಾನ್ ಬಿಲಿಸ್ ತೆಗೆದುಕೊಂಡು ಕೂತಿದ್ದೆ. ಆ ಸಣ್ಣ ಒಣಮೀನಿನ ತಲೆ ಕಿತ್ತು, ಹೊಟ್ಟೆಯ ಕಪ್ಪು ತೆಗೆದು ಎರಡಾಗಿ ಸೀಳಬೇಕು. ತಟ್ಟೆ ಅರ್ಧವಾಗಿತ್ತು. ಆಗ ಬಡೀಮಾರೇ, ಹೇಳದೆ ಕೇಳದೆ, ಕರೆ ಮಾಡಿದರು. ಗಾಬರಿಯಿಂದ ಕರೆ ಎತ್ತುತ್ತಲೇ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದೆ. ಅದು ಜಾರಿ ನೆಲಕ್ಕೆ ಬಿದ್ದು ಸದ್ದಾಯಿತು. ಕಣ್ಣು ಹೋದರೂ ಅವರ ಕಿವಿ ಹೋಗಿರಲಿಲ್ಲ.

‘ಏನ ಮಾಡಾಕತ್ತಿದ್ದಿ?’

ಮೀನು ಬಿಡಿಸುತ್ತಿದ್ದೆ, ಎತ್ತಿಟ್ಟೆ ಎಂದೆ.

‘ಯಾಕ ಎತ್ತಿಟ್ಟಿ?’

ಅವರು ಕೇಳಿದ್ದು ತಮಾಷೆಗೆ. ಉತ್ತರ ಇಬ್ಬರಿಗೂ ಗೊತ್ತಿತ್ತು. ನಮ್ಮ ಕಡೆ ಮನೆಗೆ ಯಾರಾದರೂ ಬಂದಾಗ ಕೈಯಲ್ಲಿದ್ದ ಕೆಲಸ ಕೆಳಗಿಡಬೇಕು. ಸೂಜಿ ಆಗಲಿ, ಮೊರ ಆಗಲಿ, ಮರೆಗೆ ಹೋಗಬೇಕು. ಬಂದವರ ಎದುರಿಗೆ ಕೆಲಸ ಮಾಡುತ್ತ ಕೂತರೆ, ನನಗೆ ಪುರುಸೊತ್ತಿಲ್ಲ, ನೀನು ಎದ್ದು ಹೋಗು ಎಂದು ಹೇಳಿದ ಹಾಗೆ. ನಮ್ಮ ಗುಡಿಸಲಿನಂಥ ಮನೆಯಲ್ಲೇ ಆ ಪದ್ಧತಿ ಇತ್ತು, ಜಹಗೀರುದಾರರ ಮನೆಯಲ್ಲಿ ಕೇಳಬೇಕೇ? ಇದನ್ನು ಮನಸ್ಸಿನಲ್ಲಿ ತಿರುಗಿಸುತ್ತಿದ್ದಾಗಲೇ ನನಗೆ ಆ ಮೂರು ದಿನಗಳು ನೆನಪಾದವು. ಆ ಎಂಜಿನಿಯರನ ಹೆಂಡತಿ ಅಲ್ಲಿದ್ದ ಮೂರು ದಿನ ನೀವೆಲ್ಲ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

‘ಏನೂ ಮಾಡಲಿಲ್ಲವ್ವ. ಮನಿಗಿ ಬಂದಾಕಿ ಮುಂದ ಮೊರ ಹಿಡಕೊಂಡು ಕುಂದ್ರಲಿಕ್ಕೆ ಆಗ್ತದೇನು? ಆಕಿ ಮಲಗಿದ ಮ್ಯಾಲ ಹಿತ್ತಲದಾಗ ಅಕ್ಕಿ ಆರಿಸಿದ್ರು. ಮೂರು ದಿನ ಆಕಿ ಎದುರಿಗಿ ಸುಮ್ಮನ ಕುಂತು ಕುಂತು ನಮ್ಮ ದೊಡ್ಡತ್ತಿಗಿ ಸೊಂಟ ಹಿಡೀತು.’

ಅವಳು ಮೂರು ದಿನ ಕಂಡದ್ದು ಮರ್ಯಾದೆಯನ್ನು. ಬರೆದದ್ದು ಸೋಮಾರಿತನ ಎಂದು. ಇದು ಹೊಳೆದ ಕೂಡಲೇ ಇನ್ನೊಂದೂ ಹೊಳೆಯಿತು. ಇಷ್ಟು ದಿನ ಬಡೀಮಾ ನನ್ನ ಮುಂದೆಯೂ ಕೆಲಸ ಎತ್ತಿಟ್ಟೇ ಕೂತಿದ್ದರು. ಅವರು ಬರೆದ ಪುಟಗಳೂ ಹಾಗೆಯೇ, ಅತಿಥಿಗಾಗಿ ಗುಡಿಸಿ ಸಾರಿಸಿದ ಪುಟಗಳು.

ನೆಲದ ಮೇಲಿನ ಮೀನನ್ನು ಆರಿಸಿ ತೊಳೆದು ತಂದು, ಮೇಜಿನ ಮೇಲೆ ಸದ್ದಾಗುವ ಹಾಗೆ ಇಟ್ಟೆ. ನಾನು ಬಿಡಿಸುತ್ತೇನೆ ಬಡೀಮಾ, ನೀವೂ ಏನಾದರೂ ತಗೊಳ್ಳಿ ಎಂದೆ. ಬಡೀಮಾ ಎದ್ದು ಹೋಗಿ ಬೆಳ್ಳುಳ್ಳಿಯ ಬುಟ್ಟಿ ತಂದರು. ಬೆಳ್ಳುಳ್ಳಿ ಬಿಡಿಸಲು ಕಣ್ಣು ಬೇಕಾಗಿಲ್ಲ.

ಅಂದಿನಿಂದ ನಮ್ಮ ಕರೆಗಳು ಬೇರೆಯಾದವು. ಕಾಂಗ್‌ಕೊಂಗ್ ಸೊಪ್ಪು, ಹೆಸರುಕಾಳು, ನಿಮ್ಮ ಮಡಚದ ಬಟ್ಟೆಗಳು, ಎಲ್ಲವನ್ನೂ ಕರೆಗೆಂದು ಉಳಿಸಿಕೊಳ್ಳುತ್ತಿದ್ದೆ. ಕೈ ಆಡಿದ ಹಾಗೆ ಅವರ ಬಾಯಿ ಆಡಿತು. ಪರದೆಯ ಹಿಂದೆ ಕೂತು ರೈತರ ಬದುವಿನ ಜಗಳ ಬಗೆಹರಿಸುತ್ತಿದ್ದ ಅತ್ತೆ ಬಂದಳು. ಸೀಮೆಯ ಅರ್ಧ ಮಕ್ಕಳ ಹೆರಿಗೆ ಮಾಡಿಸಿದ ಕುರುಡು ಸೂಲಗಿತ್ತಿ ಬಂದಳು. ಸವತಿಯರಿಬ್ಬರು ಮಾತು ಬಿಟ್ಟು, ಒಬ್ಬಳು ಮಾಡಿದ ಸಾರಿಗೆ ಇನ್ನೊಬ್ಬಳು ಉಪ್ಪು ಸುರಿದದ್ದೂ ಬಂತು. ಚಿಕ್ಕಂದಿನಲ್ಲೇ ಕೊಂಡು ತಂದಿದ್ದ ಒಬ್ಬ ಹುಡುಗಿ ತನ್ನ ಊರಿನ ಹೆಸರು ಮರೆತೇ ಮುದುಕಿಯಾದಳಂತೆ. ಅದನ್ನು ಹೇಳಿ ಬಡೀಮಾ ಬೆಳ್ಳುಳ್ಳಿ ಕೆಳಗಿಟ್ಟರು. ಆ ಮನೆ ಜನ್ನತ್ ಆಗಿತ್ತು, ಸ್ವರ್ಗ ಆಗಿತ್ತು ಅಂತ ಮಾತ್ರ ಬರೀಬ್ಯಾಡ ಎಂದರು.

ಕಡೆಗೆ ಚಿತ್ರದ ಮಾತೂ ಬಂತು. ಆ ಒಡವೆ ಹಾಕಿಕೊಂಡವಳು ಬಡೀಮಾರ ತಾಯಿ. ಆಕೆ ನವಾಬನ ಹೆಂಡತಿಯಲ್ಲ, ಅವನ ತೀರಿಹೋದ ತಮ್ಮನ ಹೆಂಡತಿ, ವಿಧವೆ. ಇದನ್ನು ಬಡೀಮಾ ಈವರೆಗೆ ಯಾರಿಗೂ ಹೇಳಿರಲಿಲ್ಲ. ಅವರ ಮಗನಿಗೂ ಗೊತ್ತಿರಲಿಲ್ಲ. ಮಗ ಆ ಇಂಗ್ಲಿಷ್ ಪುಸ್ತಕವನ್ನು ಎಲ್ಲಿಂದಲೋ ತರಿಸಿ ಶೋಕೇಸಿನಲ್ಲಿಟ್ಟಿದ್ದರು. ಆಫೀಸಿನ ಸ್ನೇಹಿತರು ಬಂದಾಗ ಆ ಪುಟ ತೆರೆದು, ನಮ್ಮ ಹಿರಿಯರ ಹರೆಮ್ ನೋಡಿ ಎಂದು ನಗುತ್ತಿದ್ದರು. ಬಡೀಮಾ ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುತ್ತಿದ್ದರು. ನಿಮ್ಮಜ್ಜ ಹೋದ ಮೇಲೆ ಬರಿದಾದ ನನ್ನ ಕೈಯನ್ನು ನೋಡಿಕೊಂಡೆ. ಬಳೆ ತೆಗೆದಿಟ್ಟ ಕೈಗೆ ಇನ್ನೊಬ್ಬರು ಬಳೆ ತೊಡಿಸಿ ಚಿತ್ರ ತೆಗೆದರೆ ಹೇಗಿರುತ್ತದೆ ಎಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮೇಡಂಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಅಚ್ಚಿಗೆ ಕೊಡುವ ದಿನ ಹತ್ತಿರ ಬಂದಿದೆ, ಬಡೀಮಾ ಹೇಳಿದ್ದನ್ನು ನೀವೇ ಕನ್ನಡದಲ್ಲಿ ಬರೆದು ಕಳಿಸಿಬಿಡಿ ಎಂದರು. ಕೂತು ಎರಡು ಪುಟ ಬರೆದೆ. ಸಲೀಸಾಗಿ ಬಂತು, ಚೆನ್ನಾಗಿಯೇ ಬಂತು. ಓದಿ ನೋಡಿದಾಗ, ಪ್ರತಿ ಸಾಲಿನಲ್ಲೂ ನಾನು ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿದ್ದೆ. ಬಡೀಮಾ ಹೀಗೆಂದರು, ಬಡೀಮಾರ ಕಣ್ಣು ತುಂಬಿತು. ಅವರ ಕಣ್ಣು ತುಂಬಿರಲೇ ಇಲ್ಲ, ಅದನ್ನು ಸೇರಿಸಿದವಳು ನಾನು. ಎರಡು ದಿನ ಆ ಪುಟಗಳನ್ನು ಇಟ್ಟುಕೊಂಡು ಮನೆಯೆಲ್ಲ ತಿರುಗಿದೆ. ಮೂರನೆಯ ದಿನ ಮೇಡಂಗೆ ಕರೆ ಮಾಡಿ, ನಾನು ಬರೆಯುವುದಿಲ್ಲ ಎಂದೆ.

‘ಅಮ್ಮಾ, ಅವರಿಗೆ ಕಣ್ಣೇ ಕಾಣಲ್ಲ. ಟೈಮೂ ಇಲ್ಲ. ನೀವು ಬರೆದ್ರೆ ಏನ್ ತಪ್ಪು?’

‘ಆಕಿ ಮೂರು ದಿನ ನೋಡಿ ಬರದ್ಲು ಮೇಡಂ. ನಾ ಮೂರು ತಿಂಗಳು ಕೇಳಿ ಬರದಂಗಾಗ್ತದ. ಬರ್ಯೂದಾದ್ರ ಅವರೇ ಬರೀಲಿ.’

ಓದಿದವರಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಮೇಡಂಗೆ ಬೇಸರವಾಯಿತು, ಅದನ್ನವರು ಮುಚ್ಚಿಡಲಿಲ್ಲ. ಆದರೆ ಪ್ರೆಸ್ಸಿನವರ ಹತ್ತಿರ ಮಾತಾಡಿ ಸ್ವಲ್ಪ ಗಡುವು ಕೇಳಿಕೊಂಡರು.

ನೀವೇ ಬರೆಯಿರಿ ಎಂದಾಗ ಬಡೀಮಾ ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಆಮೇಲೆ ಯಾವ ಪೆನ್ನಿನಲ್ಲಿ ಬರೆಯಬೇಕು ಎಂದು ಕೇಳಿದರು. ದಪ್ಪ ಮಾರ್ಕರು, ಚೀನೀ ಅಂಗಡಿಯವರು ಕೊಟ್ಟ ದೊಡ್ಡ ಕ್ಯಾಲೆಂಡರಿನ ಹಾಳೆಗಳ ಬೆನ್ನು. ಮೊದಲ ಹಾಳೆಯಲ್ಲಿ ಸಾಲಿನ ಮೇಲೆ ಸಾಲು ಹತ್ತಿ ಏನೂ ಓದಲಾಗಲಿಲ್ಲ. ಅದಕ್ಕೆ ಕೇಕ್ ಬೇಯಿಸುವ ತಟ್ಟೆಗೆ ಅಡ್ಡಡ್ಡ ದಾರ ಬಿಗಿಸಿ, ಕೆಳಗೆ ಹಾಳೆ ಸೇರಿಸಿ, ಎಡಗೈ ಬೆರಳನ್ನು ದಾರದ ಮೇಲಿಟ್ಟುಕೊಂಡು ಬರೆಯಲು ಹೇಳಿದೆ. ಒಂದು ಹಾಳೆಗೆ ಐದಾರು ಸಾಲು ಹಿಡಿಯುತ್ತಿತ್ತು. ಮಗ ಮೀಟಿಂಗುಗಳ ನಡುವೆ ಎದ್ದು ಬಂದು ಫೋಟೋ ತೆಗೆದು ನನಗೆ ಕಳಿಸುತ್ತಿದ್ದರು. ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವರು, ದಖನಿ ಮಾತಾಡುತ್ತಾರೆ, ಉರ್ದು ಓದಲಾರರು. ಅದು ತಿಳಿದೇ ಬಡೀಮಾ ಧೈರ್ಯವಾಗಿ ಬರೆಯುತ್ತಿದ್ದರು.

ಹಾಳೆಗಳು ಹಿಂದುಮುಂದಾಗಿ ಬರುತ್ತಿದ್ದವು. ನಾನು ಸೂಲಗಿತ್ತಿಯ ಮಾತನ್ನು ಅತ್ತೆಗೆ ಸೇರಿಸಿ, ಅತ್ತೆ ಹೆರಿಗೆ ಮಾಡಿಸುವ ಹಾಗೆ ಮಾಡಿಬಿಟ್ಟಿದ್ದೆ. ಸಂಖ್ಯೆ ಹಾಕಿ ಎಂದರೆ ಅವರಿಗೆ ಎಷ್ಟನೆಯದು ಎಂಬುದು ಮರೆಯುತ್ತಿತ್ತು. ಕಡೆಗೆ ದಾರಿ ತೋರಿಸಿದ್ದು ಅವರೇ. ಹಳೆಯ ಕಿತಾಬುಗಳಲ್ಲಿ ಪುಟದ ಬುಡದಲ್ಲಿ ಮುಂದಿನ ಪುಟದ ಮೊದಲ ಪದ ಬರೆದಿರುತ್ತಿತ್ತು, ಹಾಗೆ ಮಾಡೋಣ ಎಂದರು. ಅಲ್ಲಿಂದ ಹಾಳೆಗಳು ಕೈಕೈ ಹಿಡಿದು ಬಂದವು.

ಒಂದು ಮಧ್ಯಾಹ್ನ ಬಂದ ಫೋಟೋದಲ್ಲಿ ಏನೂ ಇರಲಿಲ್ಲ. ದಾರಗಳಿದ್ದವು, ಹಾಳೆಯಿತ್ತು, ಅಕ್ಷರವಿರಲಿಲ್ಲ. ದೊಡ್ಡದು ಮಾಡಿ ನೋಡಿದೆ. ಎಡಮೂಲೆಯವರೆಗೂ ಒಣ ಮಾರ್ಕರು ಗೀಚಿದ ಗುರುತು ಕಂಡೂ ಕಾಣದ ಹಾಗಿತ್ತು. ಮಗನಿಗೆ ಅದು ಬರೆದ ಹಾಳೆಯೋ ಖಾಲಿಯೋ ನೋಡುವ ಪುರುಸೊತ್ತಿರಲಿಲ್ಲ. ಆ ಹಾಳೆ ಯಾವುದೆಂದು ನನಗೆ ಗೊತ್ತಿತ್ತು. ಹಿಂದಿನ ಹಾಳೆಯ ಬುಡದಲ್ಲಿ ಇದ್ದ ಪದ ‘ತಾಯಿ’.

ಹೇಳದೆ ಇದ್ದು, ಅವರು ಬಾಯಲ್ಲಿ ಹೇಳಿದ್ದನ್ನೇ ಆ ಜಾಗದಲ್ಲಿ ತುಂಬಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅಂದು ಸಂಜೆಯೆಲ್ಲ ನಾನು ಕೂತಲ್ಲಿ ಕೂರಲಿಲ್ಲ. ಮರುದಿನ ಬೆಳ್ಳುಳ್ಳಿಯೂ ಸೊಪ್ಪೂ ಇಲ್ಲದೆ ಕರೆ ಮಾಡಿ, ಹಾಳೆ ಖಾಲಿ ಬಂದಿದೆ ಎಂದೆ.

ಬಡೀಮಾ ಅಂದರು, ‘ಛಲೋನೇ ಆತು. ಅದರಾಗ ಅರ್ಧ ಬರೇ ಆದಾಬ್ ಇತ್ತು. ಈ ಸಲ ಸ್ವಲ್ಪ ಮರ್ಯಾದಿ ಕಡಿಮಿ ಮಾಡಿ ಬರೀತೀನಿ.’

ಎರಡನೆಯ ಸಲ ಬರೆದು ಬಂದದ್ದು ಎರಡೇ ಹಾಳೆ. ನಾನು ಮಾಡಿದ ಕನ್ನಡ ಇದು, ಪುಸ್ತಕದಲ್ಲೂ ಹೀಗೇ ಇದೆ:

‘ತಾಯಿ ಆ ಚಿತ್ರದಲ್ಲಿದ್ದಾಳೆ. ಒಡವೆ ತೊಟ್ಟವಳು ಅವಳೇ. ನಾನು ಹೊಟ್ಟೆಯಲ್ಲಿದ್ದಾಗ ಅವಳ ಗಂಡ ಸತ್ತ. ಆಮೇಲೆ ಅವಳು ಯಾರ ಹೆಂಡತಿಯೂ ಆಗಲಿಲ್ಲ. ಕಣಜದ ಕಾಳು ಅಳೆದು ಕೊಡುವುದು ಅವಳ ಕೆಲಸ. ಚಿತ್ರ ಚೆನ್ನಾಗಿ ಬರುತ್ತದೆಂದು ಅತಿಥಿ ಬೇರೆಯವರ ಒಡವೆ ತರಿಸಿ, ಇವಳಿಗೆ ಹಾಕಿಕೋ ಎಂದಳು. ಅತಿಥಿಗೆ ಇಲ್ಲ ಅನ್ನಬಾರದೆಂದು ನಮ್ಮವರೂ ಹೇಳಿದರು. ಅವಳು ಹಾಕಿಕೊಂಡಳು. ಆ ಪುಸ್ತಕ ಅಂಚೆಯಲ್ಲಿ ನಮ್ಮ ಮನೆಗೂ ಬಂತು. ಓದಿ ಹೇಳಿದಾಗ ಗಂಡಸರು ನಕ್ಕರು. ಹೆಂಗಸರೂ ನಕ್ಕರು. ತಾಯಿ ಕಾಳು ಅಳೆಯುತ್ತಿದ್ದಳು. ಅಂದಿನಿಂದ ಯಾವ ಅತಿಥಿ ಬಂದರೂ ಅವಳು ಅಳತೆಯ ಸೇರನ್ನು ಕೆಳಗಿಡಲಿಲ್ಲ. ಅವಳಿಗೆ ಸೊಕ್ಕು ಎಂದರು. ಇದನ್ನು ಬರೆದವಳು ಅವಳ ಮಗಳು.’

ಮೇಡಂ ಓದಿ, ಇದಕ್ಕಾಗಿ ಪ್ರೆಸ್ಸನ್ನು ಎಷ್ಟು ದಿನ ಬೇಕಾದರೂ ನಿಲ್ಲಿಸುತ್ತೇನೆ ಎಂದರು. ಆಮೇಲೆ ಆ ಚಿತ್ರದ ಮಾತು ತೆಗೆದರು. ಬೇಡವೆಂದರೆ ಚಿತ್ರ ಹಾಕುವುದಿಲ್ಲ, ಬಡೀಮಾರನ್ನು ಕೇಳಿ ಎಂದರು. ನಾನೂ ಹಾಕಬಾರದೆಂದೇ ಇದ್ದೆ. ಬಡೀಮಾ ಒಪ್ಪಲಿಲ್ಲ. ಹಾಕಬೇಕು ಎಂದರು. ತಾಯಿಯ ಮುಖ ಅಂತ ಈ ಭೂಮಿಯ ಮೇಲೆ ಉಳಿದಿರುವುದು ಅದೊಂದೇ ಅಂತೆ.

ಮೇಡಂ ಬಳಿ ಇದ್ದ ಮಸುಕಾದ ನಕಲು ಅಚ್ಚಿಗೆ ಸಾಲದು, ಚಿತ್ರವಿದ್ದ ಮೂಲ ಪುಸ್ತಕ ಮಗನ ಶೋಕೇಸಿನಲ್ಲಿತ್ತು. ಅದನ್ನು ಅವರೇ ತೆಗೆದು ಸ್ಕ್ಯಾನ್ ಮಾಡಿ ಕಳಿಸಬೇಕು. ಕಳಿಸುವ ಮುಂಚೆ ಅವರಿಗೆ ತಿಳಿಯಬೇಕು. ಬಡೀಮಾ ನನ್ನನ್ನು ಕೇಳಿಕೊಂಡರು, ‘ಮಗನ ಮುಂದ ನನ್ನ ಬಾಯಿಲೆ ಬರಂಗಿಲ್ಲ. ನಾ ಬರದದ್ದನ್ನ ನೀ ಓದಿ ಕೇಳಸು.’

ಗುರುತಿಲ್ಲದ ಗಂಡಸಿನ ಜೊತೆ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡಿದವಳಲ್ಲ ನಾನು. ನಿಮ್ಮಮ್ಮನನ್ನು ಓದಲು ಹೇಳೋಣವೆಂದರೆ ಅವಳಿಗೆ ಉರ್ದು ಬಾರದು. ಬೆಳಿಗ್ಗೆಯಿಂದ ಮುಂದೂಡಿ, ಸಂಜೆ ಬಾಲ್ಕನಿಯ ಬಾಗಿಲು ಹಾಕಿಕೊಂಡು ಕರೆ ಮಾಡಿದೆ. ಅವರು, ಹೇಳಿ ಆಂಟಿ, ಫೋಟೋ ಸರಿಯಾಗಿ ಬಂದಿಲ್ವಾ ಎಂದರು. ಬಂದಿದೆ, ನೀವು ಫೋಟೋ ತೆಗೆದದ್ದನ್ನು ನಿಮಗೇ ಓದಿ ಹೇಳುತ್ತೇನೆ, ನಿಮ್ಮಮ್ಮ ಹೇಳಿದ್ದಾರೆ ಎಂದೆ. ನನ್ನ ಕನ್ನಡವನ್ನಲ್ಲ, ಬಡೀಮಾರ ಮಾತನ್ನೇ, ಅವರು ಬರೆದ ಹಾಗೆಯೇ ಓದಿದೆ.

ಮುಗಿದ ಮೇಲೆ ಆ ಕಡೆ ಕುರ್ಚಿ ಸರಿದ ಸದ್ದು, ಶೋಕೇಸಿನ ಗಾಜು ಜರುಗಿದ ಸದ್ದು. ಹಾಳೆಗಳು ಮಗುಚಿದವು.

‘ಎಡಗಡೆಯಿಂದ ಮೂರನೆಯವರಾ, ಈ ಒಡವೆಯವರು?’ ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ.

ದೂರದಿಂದ ಬಡೀಮಾರ ದನಿ ಬಂತು. ‘ಹೌದು, ಮೂರನೇದಾಕಿ. ಕಣ್ಣು ಮುಚ್ಚಿಕೊಂಡಾಳಲ್ಲ, ಆಕಿ.’

ಅವರ ನಡಿಗೆ, ಕೋಲಿನ ಸದ್ದು, ಹತ್ತಿರವಾದವು.

‘ನನಗ ಕಾಣಂಗಿಲ್ಲಪ್ಪ,’ ಎಂದರು ಬಡೀಮಾ. ‘ನೀ ನೋಡಿ ಹೇಳು. ಹ್ಯಾಂಗ ಅದಾಳ?’

ಮಗ ಆ ಮುಖವನ್ನು ಹಣೆಯಿಂದ ಶುರು ಮಾಡಿ ಹೇಳತೊಡಗಿದರು. ನಾನು ಫೋನು ಇಟ್ಟೆ.